ಕಣ್ಣು ಕೊಟ್ಟಾತನು ಲೆಕ್ಕ ಕೇಳುವನು

(ಆಧಾರ: ಅಪೊಸ್ತಲರ ಕೃತ್ಯಗಳು ೧೭ನೆಯ ಅಧ್ಯಾಯ, ೧೦ರಿಂದ ೧೨ನೆಯ ವಚನಗಳು)



ಪೌಲನು ಥೆಸಲೊನೀಕವನ್ನು ರಾತ್ರಿಯಲ್ಲಿ ಬಿಟ್ಟು ಬೆರೋಯ ಎಂಬ ಊರಿಗೆ ಬಂದನು. ಅವನು ಕರ್ತನ ಅಪೊಸ್ತಲನು, ಶಾಸ್ತ್ರದಲ್ಲಿ ನುರಿತವನು. ಬೆರೋಯದವರು ಅವನ ಮಾತನ್ನು ಸಿದ್ಧಮನಸ್ಸಿನಿಂದ ಕೇಳಿದರು. ಆದರೆ ಕೇಳಿ ಸುಮ್ಮನಾಗಲಿಲ್ಲ. ಅವನು ಹೇಳಿದ್ದು ಹೌದೋ ಅಲ್ಲವೋ ಎಂದು ದಿನದಿನವೂ ಶಾಸ್ತ್ರಗಳನ್ನು ಶೋಧಿಸಿ ನೋಡಿದರು. ಇದಕ್ಕಾಗಿ ಲೂಕನು ಅವರನ್ನು ನಿಂದಿಸುವದಿಲ್ಲ, ಉತ್ತಮರೆಂದು ಹೊಗಳುತ್ತಾನೆ. ಇದರ ಫಲವೇನಾಯಿತು? ಗಂಡಸರೂ ಹೆಂಗಸರೂ ಅನೇಕರು ನಂಬಿದರು. ಶೋಧಿಸಿದ್ದರಿಂದ ಅವರ ನಂಬಿಕೆ ಕೆಡಲಿಲ್ಲ. ಅದು ಅವರ ಸ್ವಂತದ್ದಾಯಿತು.

ಅಪೊಸ್ತಲನ ಮಾತನ್ನೇ ಪರೀಕ್ಷಿಸಬಹುದಾದರೆ ಹಳ್ಳಿಯ ಉಪದೇಶಿಯ ಮಾತನ್ನು ಪರೀಕ್ಷಿಸಬಾರದೇ? ಈ ಪ್ರಶ್ನೆಯನ್ನು ನಾನು ಮೊದಲು ನನಗೇ ಹಾಕಿಕೊಳ್ಳಬೇಕಾಗಿದೆ. ನನ್ನ ತಪ್ಪೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಕುಲಗೋಡದ ಕಡೆಯ ಹಳ್ಳಿಗಳಲ್ಲಿ ಜನರು ಎಲ್ಲದಕ್ಕೂ ಉಪದೇಶಿಯ ಬಳಿಗೆ ಬರುತ್ತಾರೆ. ಮಗಳನ್ನು ಯಾವ ಮನೆಗೆ ಕೊಡಬೇಕು, ಹುಡುಗನನ್ನು ಸಾಲಿ ಬಿಡಿಸಬೇಕೋ, ಎತ್ತು ಮಾರಬೇಕೋ, ಎಲ್ಲವನ್ನೂ ಕೇಳುತ್ತಾರೆ. ‘ನಮಗೇನ ತಿಳಿತೈತ್ರಿ, ನೀವ ಹೇಳ್ರಿ’ ಎನ್ನುತ್ತಾರೆ. ಈ ಮಾತು ನನ್ನ ಕಿವಿಗೆ ಸಿಹಿಯಾಗಿತ್ತು. ಒಂದು ದಿನ ವಿಧವೆಯಾದ ಒಬ್ಬ ತಾಯಿ ಸಾಲದ ಕಾಗದವನ್ನು ಹಿಡಿದುಕೊಂಡು ಬಂದಳು. ನಾನು ಆರಾಧನೆಗೆ ಹೊರಡುವ ಅವಸರದಲ್ಲಿದ್ದೆನು. ಕಾಗದವನ್ನು ಓದದೆ, ‘ಹೆಬ್ಬೆಟ್ಟು ಒತ್ತವ್ವಾ, ದೇವರು ನೋಡಿಕೊಳ್ಳುತ್ತಾನೆ’ ಎಂದು ಹೇಳಿಬಿಟ್ಟೆನು. ಅವಳು ಒತ್ತಿದಳು. ಬಡ್ಡಿ ಬೆಳೆಯಿತು. ಎರಡು ವರುಷಗಳೊಳಗೆ ಅವಳ ಹಟ್ಟಿಯ ಎತ್ತಿನ ಜೋಡಿ ಸಂತೆಗೆ ಹೋಯಿತು. ದೇವರ ಹೆಸರನ್ನು ನನ್ನ ಅಲಕ್ಷ್ಯಕ್ಕೆ ಮುಸುಕಾಗಿ ಹೊದಿಸಿದ ಪಾಪ ನನ್ನದು.

ಆ ತಾಯಿ ನನ್ನನ್ನು ಬಯ್ಯಲಿಲ್ಲ. ಬೇರೊಂದು ಕೆಲಸ ಮಾಡಿದಳು. ಮೊಮ್ಮಗಳ ಪಾಟಿಯ ಮುಂದೆ ಕುಳಿತು ಅಕ್ಷರವನ್ನೂ ಅಂಕಿಯನ್ನೂ ಕಲಿಯಲಾರಂಭಿಸಿದಳು. ಮುಂದೆ ಇನ್ನೊಂದು ಕಾಗದ ಬಂದಾಗ ಅದನ್ನು ನನ್ನ ಬಳಿಗೆ ತಂದು, ಒಂದು ಅಂಕಿಯ ಮೇಲೆ ಬೆರಳಿಟ್ಟು, ‘ಇದು ತಿಂಗಳ ಬಡ್ಡಿಯೋ, ವರುಷದ ಬಡ್ಡಿಯೋ?’ ಎಂದು ಕೇಳಿದಳು. ನನಗೆ ತಿಳಿಯಲಿಲ್ಲ. ‘ನಿಮಗೂ ತಿಳಿಯದಿದ್ದರೆ ನಾನು ಸಹಿ ಮಾಡುವದಿಲ್ಲ, ಉಪದೇಶಿಗಳೇ’ ಎಂದು ಹೇಳಿ ಕಾಗದವನ್ನು ಮಡಿಚಿಕೊಂಡು ಹೋದಳು. ಆ ದಿವಸ ಅವಳೇ ನನಗೆ ಬೋಧಕಳಾದಳು.

ಗೋಪುರ ಕಟ್ಟಬೇಕೆನ್ನುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ನಮ್ಮ ಕರ್ತನು ಹೇಳಿದ್ದನ್ನು ಲೂಕನ ೧೪ನೆಯ ಅಧ್ಯಾಯದಲ್ಲಿ ಓದುತ್ತೇವೆ. ಕಟ್ಟುವವನೇ ಕುಳಿತುಕೊಳ್ಳಬೇಕು. ಗೌಡರಾಗಲಿ ಸಾವುಕಾರರಾಗಲಿ ಉಪದೇಶಿಯಾಗಲಿ ಅವನಿಗೆ ಬದಲಾಗಿ ಕೂಡ್ರಲಾರರು. ಕಾಲುವೆಯ ನೀರು ಹೊಲದ ಬದುವಿನ ತನಕ ಬರುವದು. ಒಳಗೆ ಹರಿ ತೋಡುವ ಸಲಿಕೆಯನ್ನು ಹೊಲದವನೇ ಹಿಡಿಯಬೇಕು.

‘ನಾವು ಬಡವರು, ನಮ್ಮಿಂದೇನಾದೀತು?’ ಎಂದು ಕೆಲವರು ಕೇಳಬಹುದು. ಗದಗಿನ ಬಳಿಯ ಕಣಗಿನಹಾಳವನ್ನು ನೋಡಿರಿ. ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ೧೯೦೪ರಲ್ಲಿ ಆಯಿತು. ಮರುವರುಷ, ೧೯೦೫ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಆ ಊರಿನ ಒಕ್ಕಲಿಗರು ತಮ್ಮದೇ ಪತ್ತಿನ ಸಂಘವನ್ನು ಕಟ್ಟಿದರು. ನಮ್ಮ ದೇಶದಲ್ಲಿ ರೈತರ ಇಂಥ ಸಂಘಗಳಲ್ಲಿ ಅದೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಆ ಕಾಯಿದೆಯ ಪ್ರಕಾರ ಹಳ್ಳಿಯ ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಹೊಣೆಗಾರರಾಗಿದ್ದರು. ಒಬ್ಬನು ತಪ್ಪಿದರೆ ಭಾರವು ಎಲ್ಲರ ಮೇಲೆ ಬೀಳುತ್ತಿತ್ತು. ಆದದರಿಂದ ಸಾಲ ಯಾರಿಗೆ, ಯಾತಕ್ಕೆ, ತೀರಿಸುವದು ಹೇಗೆ ಎಂಬದನ್ನು ಪ್ರತಿಯೊಬ್ಬನೂ ವಿಚಾರಿಸಬೇಕಾಗಿತ್ತು. ಒಬ್ಬರ ಭಾರವನ್ನೊಬ್ಬರು ಹೊರಬೇಕು, ಆದರೂ ತನ್ನ ತನ್ನ ಹೊರೆಯನ್ನು ತಾನೇ ಹೊರಬೇಕು ಎಂದು ಗಲಾತ್ಯದವರಿಗೆ ಪೌಲನು ಬರೆದ ಎರಡು ಮಾತುಗಳೂ ಇಲ್ಲಿ ಒಂದಾಗುತ್ತವೆ.

ಆದರೆ ಸ್ವಂತ ವಿಚಾರವೆಂದರೆ ಹಿರಿಯರನ್ನು ತಳ್ಳಿಬಿಡುವದಲ್ಲ. ಕುಲಗೋಡದ ಹೆಸರು ನಾಡಿಗೆಲ್ಲ ತಿಳಿದಿರುವದು ತಮ್ಮಣ್ಣನಿಂದ. ಅಪರಾಳದ ತಮ್ಮಣ್ಣನು ರಚಿಸಿದ್ದ ಪಾರಿಜಾತದ ಕಥೆಯನ್ನು ಈ ಕುಲಗೋಡ ತಮ್ಮಣ್ಣನು ತೆಗೆದುಕೊಂಡು, ಹಳ್ಳಿಯ ಜನರು ಆಡಿ ನೋಡುವ ಆಟವಾಗಿ ರೂಪಿಸಿದನು. ಆ ಕಥೆಯು ನಮ್ಮ ಆರಾಧನೆಗೆ ಸೇರಿದ್ದಲ್ಲ; ಆದರೂ ನೆರೆಯವನ ಕೆಲಸದಿಂದ ಬುದ್ಧಿ ಕಲಿಯುವದು ತಪ್ಪಲ್ಲ. ಅವನು ಹಿಂದಿನವರು ಕೊಟ್ಟದ್ದನ್ನು ಬಿಸಾಡಲಿಲ್ಲ, ಕೊಟ್ಟ ಹಾಗೆಯೇ ಮೂಲೆಯಲ್ಲಿಯೂ ಇಡಲಿಲ್ಲ; ತನ್ನ ಬುದ್ಧಿಯನ್ನು ಹಚ್ಚಿ ದುಡಿದನು. ತಲಾಂತನ್ನು ನೆಲದಲ್ಲಿ ಹೂಳಿಟ್ಟ ಆಳಿಗೆ ಯಜಮಾನನು ಹೇಳಿದ್ದೇನೆಂಬದು ನಿಮಗೆ ತಿಳಿದದೆ. ಅವನು ಕದಿಯಲಿಲ್ಲ, ಹಾಳುಮಾಡಲಿಲ್ಲ, ಭಯಪಟ್ಟು ಸುಮ್ಮನಿದ್ದನು. ಅದೇ ಅವನ ಅಪರಾಧವಾಯಿತು.

ಆದದರಿಂದ ಪ್ರಿಯರೇ, ಮೂರು ಮಾತುಗಳನ್ನು ಮನಸ್ಸಿನಲ್ಲಿಡಿರಿ. ಓದಿಸಿ ಕೇಳದೆ ಯಾವ ಕಾಗದಕ್ಕೂ ಬೆರಳು ಹಚ್ಚಬೇಡಿರಿ. ತಿಳಿಯದಿದ್ದರೆ ‘ತಿಳಿಯಲಿಲ್ಲ’ ಎಂದು ಹೇಳಲು ನಾಚಬೇಡಿರಿ. ಮಗಳ ಸಾಲಿ, ಮಗನ ಕಸಬು, ಹೊಲದ ಬೆಳೆ, ಇವುಗಳ ವಿಚಾರವನ್ನು ಗಂಡಹೆಂಡರು ಮಕ್ಕಳೊಡನೆ ಕುಳಿತು ಮಾಡಿರಿ; ಹಿರಿಯರ ಆಲೋಚನೆ ಕೇಳಿರಿ, ಆದರೆ ತೀರ್ಮಾನವನ್ನು ಅವರ ಮೇಲೆ ಹಾಕಬೇಡಿರಿ. ಆದಿತ್ಯವಾರ ನಾನು ಬೋಧಿಸಿದ್ದನ್ನು ಸೋಮವಾರ ದೀಪದ ಮುಂದೆ ವೇದಪುಸ್ತಕ ತೆರೆದು ನೋಡಿರಿ. ನಾನು ತಪ್ಪಿದ್ದರೆ ಬಂದು ಹೇಳಿರಿ. ಸಿಟ್ಟಾಗುವದಿಲ್ಲ, ಸಿಟ್ಟಾದರೆ ಬೆರೋಯವನ್ನು ನನಗೆ ನೆನಪಿಗೆ ತನ್ನಿರಿ.

ಕಡೇ ದಿವಸದಲ್ಲಿ ದೇವರು ನಮ್ಮನ್ನು ಒಬ್ಬೊಬ್ಬರನ್ನಾಗಿಯೇ ಕರೆಯುವನು. ‘ಉಪದೇಶಿ ಹೇಳಿದನು, ನಾನು ಮಾಡಿದೆನು’ ಎಂಬ ಉತ್ತರವು ಅಲ್ಲಿ ಸಾಲದು. ಕಣ್ಣು ಕೊಟ್ಟಾತನು, ನೀನು ಏನನ್ನು ನೋಡಿದಿ ಎಂದು ಕೇಳುವನು. ಬುದ್ಧಿ ಕೊಟ್ಟಾತನು, ಅದನ್ನು ಯಾವ ಹೊಲದಲ್ಲಿ ಬಿತ್ತಿದಿ ಎಂದು ಕೇಳುವನು. ಆ ದಿವಸ ತಲೆ ಎತ್ತಿ ಲೆಕ್ಕ ಒಪ್ಪಿಸುವ ಕೃಪೆಯನ್ನು ಆತನು ನಿಮಗೂ ನನಗೂ ದಯಪಾಲಿಸಲಿ. ಆಮೆನ್.