ಉಣ್ಣುವವರನ್ನು ಕೇಳಿದವರಾರು?

ಹಲಸಿ ನಮ್ಮ ಖಾನಾಪುರ ತಾಲ್ಲೂಕಿನ ಊರು, ಕದಂಬರ ಕಾಲದ ಪಲಾಶಿಕಾ. ಇತಿಹಾಸದ ಮಾಸ್ತರನಾಗಿದ್ದಾಗ ಹುಡುಗರಿಗೆ ಅಲ್ಲಿಯ ಭೂವರಾಹ ನರಸಿಂಹನ ಗುಡಿ ತೋರಿಸಿ ತರುತ್ತಿದ್ದೆ. ನನ್ನ ಮನಸ್ಸು ಮಾತ್ರ ಆ ಊರಲ್ಲಿ ಸಿಕ್ಕ ತಾಮ್ರಪಟಗಳ ಮೇಲೆ. ಅವುಗಳಲ್ಲೊಂದು 6ನೆಯ ಶತಮಾನದ ಕದಂಬ ದೊರೆ ರವಿವರ್ಮನ ಕಾಲದ್ದು. ಅವನು ವೈದಿಕ ಮನೆತನದ ರಾಜ. ಆದರೂ ಕಾರ್ತಿಕದಲ್ಲಿ ಜಿನೇಂದ್ರನ ಎಂಟು ದಿನದ ಉತ್ಸವಕ್ಕೆ ಒಂದು ಹಳ್ಳಿಯ ಉತ್ಪನ್ನ ಬಿಡುತ್ತಾನೆ, ಮಳೆಗಾಲದ ನಾಲ್ಕು ತಿಂಗಳು ಜೈನ ಯತಿಗಳ ಊಟಕ್ಕೂ ಕಟ್ಟು ಮಾಡುತ್ತಾನೆ. ಪರಮತದವರ ಹಸಿವನ್ನು ನೆನೆದ ದೊರೆ, ದೊಡ್ಡವನೇ. ಆದರೆ ಆ ಹಳ್ಳಿಯಲ್ಲಿ ಉತ್ತವನು ಅದೇ ಮಳೆಗಾಲದಲ್ಲಿ ಏನು ಉಂಡ? ಪಟದಲ್ಲಿ ಅದಿಲ್ಲ.

ಹಲವು ಧರ್ಮಗಳಲ್ಲಿ ದಾನದ ಲೆಕ್ಕ ಎರಡು ಬಗೆ. ಜೈನರಲ್ಲಿ ಯೋಗ್ಯರಿಗೆ ಕೊಡುವ ಪಾತ್ರದಾನ ಬೇರೆ, ಮರುಗಿ ಕೊಡುವ ಕರುಣಾದಾನ ಬೇರೆ. ಮುಸಲ್ಮಾನರ ಕಡ್ಡಾಯ ದಾನವಾದ ಜಕಾತ್‌ಗೆ ಯಾರು ಹಕ್ಕುದಾರರೆಂದು ಗೊತ್ತುಮಾಡಿದೆ, ಮನಸ್ಸಿದ್ದಷ್ಟು ಕೊಡುವ ಸದಖಾ ಯಾರಿಗಾದರೂ ಸಲ್ಲುತ್ತದೆ. ಶರಣರ ದಾಸೋಹದಲ್ಲೂ ಮೊದಲ ಎಡೆ ಜಂಗಮನಿಗೆ. ಎಲ್ಲರೂ ಕೂಡಿ ಅಡಿಗೆಗೆ ನಿಂತರೆ ಯೋಗ್ಯರನ್ನು ಹುಡುಕುವ ಲೆಕ್ಕ ನಡೆಯದು, ಕರುಣೆಯ ಲೆಕ್ಕವೊಂದೇ ಉಳಿಯುತ್ತದೆ. ಅಷ್ಟಾದರೆ ಸಾಕೆಂದು ಬಹಳ ಕಾಲ ನಂಬಿದ್ದೆ.

2019ರ ಆಗಸ್ಟ್ ಮಹಾಪೂರದಲ್ಲಿ ಬೆಳಗಾವಿಯ ಶಾಲೆಯೊಂದರ ಗಂಜಿ ಕೇಂದ್ರದಲ್ಲಿ ನಾನೂ ಕೈಜೋಡಿಸಿದ್ದೆ. ಅಕ್ಕಿ ಮಠದ್ದು, ಎಣ್ಣೆ ಮಸೀದಿ ಕಮಿಟಿಯದು, ಹಾಲಿನ ಪುಡಿ ಚರ್ಚಿನ ಸಿಸ್ಟರುಗಳದು, ಬೇಳೆ ಜೈನ ವ್ಯಾಪಾರಿಗಳದು. ಬೇಳೆ ಕೊಟ್ಟವರಿಗೆ ಉಳ್ಳಾಗಡ್ಡಿ ಆಗದು. ನಾನು ಹೆಚ್ಚಿಟ್ಟ ಬುಟ್ಟಿ ಸದ್ದಿಲ್ಲದೆ ಮೂಲೆಗೆ ಸರಿಯಿತು, ಯಾರೂ ಬೇಸರಿಸಲಿಲ್ಲ. ಕೂಡಿ ಮಾಡುವ ಅಡಿಗೆಯಲ್ಲಿ ಯಾವಾಗಲೂ ಹೀಗೇ: ಹೆಚ್ಚು ಕಟ್ಟುನಿಟ್ಟಿನವರ ನೇಮವೇ ಎಲ್ಲರ ನೇಮ, ಎಲ್ಲ ತಿನ್ನುವವನೇ ಬಾಯಿ ಕಟ್ಟಬೇಕು. ಗೋಕಾಕದಿಂದ ಮಗಳ ಮನೆಗೆ ಬಂದು, ಆ ಮನೆಗೂ ನೀರು ಹೊಕ್ಕು ಕೇಂದ್ರ ಸೇರಿದ್ದ ಮುದುಕಿಯೊಬ್ಬಳು ತಾಟು ಹಿಡಿದು ಬಂದಳು. "ಯಪ್ಪಾ, ಅನ್ನಾ ಉಂಡು ಸಾಕಾಗೇತಿ. ಒಂದು ರೊಟ್ಟಿ, ಒಂದು ಉಳ್ಳಾಗಡ್ಡಿ ಇದ್ರ ಕೊಡ್ರಿ." ನಾಲ್ಕು ಧರ್ಮದವರು ಸೇರಿ ಒಪ್ಪಿದ್ದ ಅಡಿಗೆ ಅದು. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಕೊಡುವವರು ತಮ್ಮೊಳಗೆ ಒಂದಾಗುವುದು ಅರ್ಧ ಧರ್ಮವಷ್ಟೇ ಎಂದು ನನಗೀಗ ಅನಿಸುತ್ತದೆ. 2021ರ ಡಿಸೆಂಬರಿನಲ್ಲಿ ರಾಜ್ಯದ ಕೆಲವು ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಲಿಂಗಾಯತ, ಜೈನ ಮಠಾಧೀಶರು ಕೆಲವರು ಒಟ್ಟಾಗಿಯೇ ವಿರೋಧಿಸಿದರು. ಅದೂ ಧರ್ಮಗಳ ಒಗ್ಗಟ್ಟೇ! ಗಂಗಾವತಿಯ ಒಬ್ಬ ಶಾಲಾ ಹುಡುಗಿ ಮೊಟ್ಟೆ ಬೇಕೆಂದು ಎದ್ದು ಮಾತಾಡಿದಳು. ಮರುವರ್ಷ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು: ಮೊಟ್ಟೆ ಬೇಡವೆಂದ ಮಗುವಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಇಷ್ಟು ಸರಳ ಉಪಾಯ ಯಾವ ಸರ್ವಧರ್ಮ ಸಭೆಯಲ್ಲೂ ಹೊಳೆದದ್ದನ್ನು ನಾನು ಕಂಡಿಲ್ಲ.

ಮಲಪ್ರಭೆ ಮತ್ತೆ ಉಕ್ಕುತ್ತಾಳೆ, ಗಂಜಿ ಕೇಂದ್ರಗಳು ಮತ್ತೆ ತೆರೆಯುತ್ತವೆ. ಆಗ ಸಮಿತಿಯಲ್ಲಿ ಸ್ವಾಮಿಗಳು, ಮೌಲಾನಾ, ಫಾದರ್ ಎಲ್ಲರೂ ಕೂಡಲಿ. ತಾಟು ಹಿಡಿದು ನಿಂತವರಲ್ಲೂ ಇಬ್ಬರನ್ನು ಕರೆದು ಕೂಡಿಸಿರಿ, ಒಲೆ ಹೊತ್ತಿಸುವ ಮೊದಲು ಅವರನ್ನು ಕೇಳಿರಿ.