ಕಾವಲಿನ ಕಾಯಕ



ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಎಂಬ ಊರಿನ ಹೆಸರನ್ನು ಬಿಡಿಸಿ ನೋಡಿದರೆ ಅದರೊಳಗೆ ಕಾವಲು ಎಂಬ ಮಾತು ಕಾಣುತ್ತದೆ. ಮೈಸೂರು ಸೀಮೆಯಲ್ಲಿ ಈ ಮಾತಿಗೆ ಎರಡರ್ಥ. ದನಕರುಗಳು ಮೇಯುವ ಹುಲ್ಲುನೆಲವೂ ಕಾವಲೇ. ಒಂದು ವಸ್ತು ಕೆಡದಂತೆ ಎಚ್ಚರವಾಗಿದ್ದು ನೋಡಿಕೊಳ್ಳುವುದೂ ಕಾವಲೇ. ಅರಸರ ಕಾಲದ ಅಮೃತಮಹಲ್ ಕಾವಲುಗಳಲ್ಲಿ ಹುಲ್ಲೂ ಇತ್ತು, ಅದನ್ನು ಕಾಯುವ ಕಾವಲುಗಾರರೂ ಇದ್ದರು. ನಮ್ಮ ಅನೇಕ ಗೋಮಾಳಗಳಲ್ಲಿ ಈಗ ಮೊದಲನೆಯ ಅರ್ಥ ಕಾಗದದಲ್ಲಿ ಉಳಿದಿದೆ, ಎರಡನೆಯದು ಮರೆತುಹೋಗಿದೆ.

ಕಲ್ಯಾಣದ ಶರಣಸಮೂಹದಲ್ಲಿ ತುರುಗಾಹಿ ರಾಮಣ್ಣನವರಿದ್ದರು. ತುರು ಕಾಯುವುದೇ ಅವರ ಕಾಯಕ. ಗೋಪತಿನಾಥ ವಿಶ್ವೇಶ್ವರಲಿಂಗವೆಂಬುದು ಅವರ ಅಂಕಿತ. ವೀರಗೊಲ್ಲಾಳರು ಕುರಿ ಕಾಯ್ದವರು. ದನ ಕಾಯುವವನೆಂದರೆ ಓದು ಹತ್ತದವನೆಂದು ಹಳಿಯುವ ನಾವು, ಶರಣರು ಆ ಕೆಲಸಕ್ಕೆ ಕೊಟ್ಟ ಸ್ಥಾನವನ್ನು ನೆನೆಯಬೇಕು. ಕಾಯುವವನ ಕೈಯಲ್ಲಿರುವುದು ಬಹುಮಟ್ಟಿಗೆ ಪರರ ಸೊತ್ತು. ಅದನ್ನು ತನ್ನದೆನ್ನದೆ, ತನ್ನದಲ್ಲವೆಂದು ಉದಾಸೀನವನ್ನೂ ಮಾಡದೆ ನಡೆದುಕೊಳ್ಳುವುದು ಸುಲಭವಾದ ಸಾಧನೆಯಲ್ಲ.

ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಮಂಡ್ಯದ ಸೀಮೆಗೆ ಹರಿದ ಮೇಲೆ ಭತ್ತ ಬಂತು, ಕಬ್ಬು ಬಂತು, ನೆಲಕ್ಕೆ ಬೆಲೆ ಬಂತು. ಹುಲ್ಲುನೆಲವು ಬರಡೆಂದು ತೋರತೊಡಗಿತು. ಆದರೆ ಈ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಕುರಿ ನಾಡಿಗೇ ಪ್ರಸಿದ್ಧವಾಗಿದೆ. ಗದ್ದೆಯುಳ್ಳವನಿಗೆ ಒಣಹುಲ್ಲಿನ ಮೆದೆಯುಂಟು. ಗದ್ದೆಯಿಲ್ಲದೆ ನಾಲ್ಕು ಕುರಿಗಳನ್ನೇ ನಂಬಿದ ವಿಧವೆಗೆ ಊರ ಗೋಮಾಳವಲ್ಲದೆ ಬೇರೆ ಏನುಂಟು? ಅದು ಕೆಟ್ಟರೆ ಮೊದಲು ಆರುವುದು ಅವಳ ಒಲೆ.

೧೯೬೪ರ ಭೂಕಂದಾಯ ಅಧಿನಿಯಮವು ಜಾನುವಾರುಗಳ ಮೇವಿಗೆಂದು ಸರ್ಕಾರಿ ನೆಲವನ್ನು ತೆಗೆದಿರಿಸಲು ಅವಕಾಶವಿತ್ತಿತು. ನೂರು ದನಗಳಿಗೆ ೧೨ ಹೆಕ್ಟೇರು, ಎಂದರೆ ಸುಮಾರು ೩೦ ಎಕರೆ, ಎಂಬ ಪ್ರಮಾಣವನ್ನು ನಿಯಮಗಳು ಹೇಳಿದವು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗ್ರಾಮಗಳ ಸಾಮೂಹಿಕ ನೆಲಗಳ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ರಾಜ್ಯಗಳಿಗೆ ಆದೇಶವಿತ್ತಿತು. ಇಷ್ಟಿದ್ದೂ ಬೇಲಿ ವರ್ಷಕ್ಕೆ ಒಂದು ಮೊಳ ಮುಂದೆ ಸರಿಯುತ್ತದೆ. ಬೇಲಿಗೆ ಕಾಲಿಲ್ಲ, ಸರಿಸುವವನು ಮನುಷ್ಯನೇ. ಅವನು ಜಾತ್ರೆಯ ದಾಸೋಹಕ್ಕೆ ಅಕ್ಕಿಯ ಮೂಟೆ ಕಳುಹಿಸುವ ಸದ್ಭಕ್ತನೂ ಆಗಿರಬಹುದು. ಗೋಮಾಳದಲ್ಲಿ ಬೆಳೆದ ಆ ಅಕ್ಕಿ ಯಾರ ದಾಸೋಹ? ಕುರಿ ಕಾಯುವ ಬಡವನು ತನಗರಿಯದಂತೆ ಮಾಡಿದ ದಾಸೋಹವದು.

ಒತ್ತುವರಿ ಬಿಟ್ಟ ಮಾತ್ರಕ್ಕೆ ಹುಲ್ಲು ಬಾರದು. ವರ್ಷವಿಡೀ ಎಡೆಬಿಡದೆ ಮೇಯಿಸಿದ ನೆಲದಲ್ಲಿ ಒಳ್ಳೆಯ ಹುಲ್ಲು ತೆನೆಗಟ್ಟುವ ಮೊದಲೇ ತೀರುತ್ತದೆ. ಬೀಜ ಉದುರುವುದಿಲ್ಲ, ಬೇರು ಸೊರಗುತ್ತದೆ. ದನ ಮುಟ್ಟದ ಕಾಂಗ್ರೆಸ್ ಗಿಡ, ಲಾಂಟಾನ, ಬಳ್ಳಾರಿ ಜಾಲಿ ಆ ತೆರವಿನಲ್ಲಿ ಹಬ್ಬುತ್ತವೆ. ಮಣ್ಣು ಗಟ್ಟಿಯಾಗಿ ಮಳೆಯ ನೀರು ಇಂಗದೆ ಹರಿದುಹೋಗುತ್ತದೆ. ಇದಕ್ಕೆ ಮದ್ದು ನೆಲಕ್ಕೆ ಬಿಡುವು ಕೊಡುವುದು. ಗೋಮಾಳವನ್ನು ಪಾಲು ಮಾಡಿ, ಮುಂಗಾರು ಬಿದ್ದಾಗಿನಿಂದ ಹುಲ್ಲು ಬೀಜ ಉದುರಿಸುವ ತನಕ ಒಂದು ಪಾಲಿಗೆ ಯಾರೂ ದನ ಬಿಡದಿರುವುದು. ಮರುವರ್ಷ ಇನ್ನೊಂದಕ್ಕೆ ಆ ಸರದಿ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕಿತ್ತು, ಇಳಿಜಾರಿಗೆ ಅಡ್ಡಲಾಗಿ ಬದು ಹಾಕಬೇಕು.

ಹೇಳುವುದಕ್ಕೆ ಸುಲಭ. ಒಬ್ಬನು ತನ್ನ ದನವನ್ನು ತಡೆದು ನಿಲ್ಲಿಸಿದ ದಿನ ಪಕ್ಕದವನು ತನ್ನದನ್ನು ಬಿಟ್ಟರೆ, ತಡೆದವನೇ ಮೂರ್ಖನಾಗುತ್ತಾನೆ. ಆದುದರಿಂದ ಎಲ್ಲರೂ ಕೂಡಿ ಕಟ್ಟು ಮಾಡಿಕೊಳ್ಳದೆ ಗತಿಯಿಲ್ಲ. ಬಳಸುವ ಜನರೇ ಕಟ್ಟುಪಾಡು ಮಾಡಿಕೊಂಡು ಸಾಮೂಹಿಕ ನೆಲ ಜಲಗಳನ್ನು ತಲೆಮಾರುಗಳ ಕಾಲ ಕಾಪಾಡಬಲ್ಲರೆಂದು ಹಲವು ದೇಶಗಳ ನಿದರ್ಶನಗಳಿಂದ ತೋರಿಸಿದ ಎಲಿನಾರ್ ಆಸ್ಟ್ರಮ್ ಎಂಬ ವಿದುಷಿಗೆ ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು. ನಮಗೆ ಈ ಪಾಠ ಆಯ್ದಕ್ಕಿ ಲಕ್ಕಮ್ಮನವರಿಂದಲೇ ಬಂದಿದೆ. ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಆ ತಾಯಿ ಕಳುಹಿಸಿದರು. ಅಂದಿಗೆ ಸಾಲುವಷ್ಟೇ ತನ್ನದು. ಮಿಕ್ಕುದು ನಾಳೆಯದು, ಪರರದು. ಹುಲ್ಲಿನ ವಿಷಯದಲ್ಲಿಯೂ ಲೆಕ್ಕ ಬೇರೆಯಲ್ಲ.

ಇದೇ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು, ಕುಂದಿನಿ ಬೆಟ್ಟದಲ್ಲಿ ಪ್ರಾಣಿಪಕ್ಷಿಗಳಿಗೆ ಕುಡಿಯಲು ನೀರಿಲ್ಲದುದನ್ನು ಕಂಡು, ಕುರಿ ಮಾರಿದ ಹಣವನ್ನೂ ವಿನಿಯೋಗಿಸಿ ಹನ್ನೆರಡಕ್ಕೂ ಮಿಕ್ಕಿ ಕಟ್ಟೆಗಳನ್ನು ತೋಡಿಸಿದರು. ೨೦೨೨ರಲ್ಲಿ ಅವರು ಲಿಂಗೈಕ್ಯರಾದರೆಂದು ನಾವು ಹೇಳಿದರೆ ಯಾರೂ ಆಕ್ಷೇಪಿಸಲಾರರು. ಆದರೆ ಅವರನ್ನು ಕೊಂಡಾಡಿ ಸುಮ್ಮನಾಗುವುದು ನಮಗೆ ಶೋಭಿಸದು. ಬೆಟ್ಟದಲ್ಲಿ ಕಟ್ಟೆ ತೋಡುವುದು ಒಬ್ಬನಿಂದ ಆದೀತು. ಊರಿನ ದನಗಳನ್ನೆಲ್ಲ ನಾಲ್ಕು ತಿಂಗಳು ಒಂದು ಗೆರೆಯಾಚೆ ನಿಲ್ಲಿಸುವುದು ಒಬ್ಬನಿಂದ ಆಗದು.

ವಿಶ್ವಸಂಸ್ಥೆಯು ೨೦೨೬ನೆಯ ಇಸವಿಯನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ. ಕಿರುಗಾವಲಿನಂಥ ಊರುಗಳಲ್ಲಿ ಇದಕ್ಕೆ ಸಭೆ ಸೇರುವುದಾದರೆ ಮುಂಗಾರಿಗೆ ಮೊದಲೇ ಸೇರಲಿ. ಗ್ರಾಮ ಪಂಚಾಯಿತಿಯವರು ಸರ್ವೆ ನಕ್ಷೆ ತರಲಿ, ಹದ್ದುಬಸ್ತಿಗೆ ಅರ್ಜಿ ಬೀಳಲಿ. ಎಲ್ಲ ಮತದವರೂ ಬರಲಿ, ಹಸುವಿಗೆ ಮತವಿಲ್ಲ. ಹಿರಿಯ ಗೃಹಸ್ಥರು ಮಾತಾಡುವ ಮುನ್ನ ಕುರಿ ಮೇಯಿಸುವವರನ್ನೂ ಹಾಲಿಗಾಗಿ ಒಂದು ಹಸು ಕಟ್ಟಿದ ಹೆಣ್ಣುಮಕ್ಕಳನ್ನೂ ಮುಂದೆ ಕೂರಿಸಿ ಕೇಳಿರಿ. ಎಲ್ಲಿ ನೀರು ನಿಲ್ಲುತ್ತದೆ, ಯಾವ ಹುಲ್ಲಿಗೆ ಕುರಿ ಮೊದಲು ಬಾಯಿ ಹಾಕುತ್ತದೆ, ಯಾವ ಪಾಲನ್ನು ಮೊದಲು ಮುಚ್ಚಿದರೆ ಯಾರ ಮನೆಗೆ ಕಷ್ಟ ಎಂಬುದನ್ನು ಅವರು ಬಲ್ಲರು. ಆ ಕಷ್ಟದ ಮನೆಗಳಿಗೆ ಆ ನಾಲ್ಕು ತಿಂಗಳು ಮೇವು ಯಾರ ಮೆದೆಯಿಂದ ಹೋಗಬೇಕೆಂಬುದನ್ನು ಅದೇ ಸಭೆಯಲ್ಲಿ, ಏಳುವ ಮೊದಲೇ ಗೊತ್ತುಮಾಡಿರಿ.