ನೆಲದಿಂದ ಬರುವ ಸುದ್ದಿ

ಜುಮಾ ಖುತ್ಬಾ ಮುಗಿಯುವ ತನಕ ಒಂದೇ ಭಂಗಿಯಲ್ಲಿ ಕುಳಿತು, ನಮಾಝ್‌ಗೆ ಎದ್ದಾಗ ಕಾಲು ಜೋಮು ಹಿಡಿದು ಪಕ್ಕದವರ ಹೆಗಲಿಗೆ ಕೈಯಿಟ್ಟ ಅನುಭವ ನಮ್ಮಲ್ಲಿ ಅನೇಕರಿಗಿದೆ. ಕಾಲು ಇದೆ, ಮೂಳೆಯಿದೆ, ಮಾಂಸವಿದೆ. ಆದರೆ ನೆಲ ಎಲ್ಲಿದೆ ಎಂಬ ಸುದ್ದಿ ಅದರಿಂದ ಬರುತ್ತಿಲ್ಲ. ಎರಡು ನಿಮಿಷದಲ್ಲಿ ಸರಿಹೋಗುತ್ತದೆ. ನಾವೂ ಮರೆತುಬಿಡುತ್ತೇವೆ.

ಆ ಸುದ್ದಿ ಮರಳಿ ಬಾರದೇ ಹೋದರೆ?

1971ರಲ್ಲಿ ಜೆರ್ಸಿ ದ್ವೀಪದ ಮಾಂಸದಂಗಡಿಯೊಂದರಲ್ಲಿ ದುಡಿಯುತ್ತಿದ್ದ 19ರ ಯುವಕ ಇಯಾನ್ ವಾಟರ್‌ಮನ್‌ಗೆ ಜ್ವರ ಬಂತು. ಅದರ ಬೆನ್ನಿಗೇ ಕುತ್ತಿಗೆಯಿಂದ ಕೆಳಗೆ ಸ್ಪರ್ಶವೂ, ಕೈಕಾಲು ಎಲ್ಲಿದೆ ಎಂಬ ಅರಿವೂ ಅಳಿಸಿಹೋದವು. ವಿಚಿತ್ರವೆಂದರೆ ಅವರಿಗೆ ಪಾರ್ಶ್ವವಾಯು ಬಡಿದಿರಲಿಲ್ಲ. ಮೆದುಳಿನ ಆಜ್ಞೆಯನ್ನು ಸ್ನಾಯುಗಳಿಗೆ ಒಯ್ಯುವ ನರಗಳು ಚೆನ್ನಾಗಿದ್ದವು. ಹಿಂದಿರುಗಿ ಸುದ್ದಿ ತರುವ ನರಗಳು ಮಾತ್ರ ಕೆಟ್ಟಿದ್ದವು. ಕೈ ಎತ್ತೆಂದರೆ ಏಳುತ್ತಿತ್ತು, ಎಲ್ಲಿಗೆ ಹೋಯಿತೆಂದು ತಿಳಿಯುತ್ತಿರಲಿಲ್ಲ. ಒಂದೊಂದು ಅಂಗವನ್ನೂ ಕಣ್ಣಿಂದ ನೋಡಿ ನಡೆಸಲು ಕಲಿತು, ಮತ್ತೆ ನಡೆದಾಡಲು ಅವರಿಗೆ ವರ್ಷಕ್ಕೂ ಮಿಕ್ಕಿ ಬೇಕಾಯಿತು. ಆ ಬಳಿಕವೂ, ದೀಪ ಆರಿದರೆ ನಿಂತಲ್ಲೇ ಕುಸಿಯುತ್ತಿದ್ದರು.

ಈಗ ನಮ್ಮ ಸುಬ್ಹ್ ಹೊತ್ತನ್ನು ನೆನೆಯಿರಿ. ಕರೆಂಟಿಲ್ಲದ ಕತ್ತಲೆಯಲ್ಲಿ ವುಝೂ ಮಾಡುತ್ತೇವೆ. ಬೊಗಸೆಯ ನೀರು ಸರಿಯಾಗಿ ಬಾಯಿಗೇ ಬರುತ್ತದೆ, ಕಿವಿಯನ್ನು ಬೆರಳು ತಡಕಾಡದೆ ಮುಟ್ಟುತ್ತದೆ. ಸ್ನಾಯುಗಳೊಳಗೆ, ಅವು ಮೂಳೆಗೆ ಅಂಟಿದ ಕಡೆ, ಕೀಲುಗಳಲ್ಲಿ, ಚರ್ಮದಲ್ಲಿ ಅಲ್ಲಾಹನು ಇಟ್ಟಿರುವ ಸೂಕ್ಷ್ಮ ಕಾವಲುಗಾರರು ಎಷ್ಟು ಎಳೆತ, ಎಷ್ಟು ಭಾರ, ಎಷ್ಟು ಬಾಗು ಎಂದು ಎಡೆಬಿಡದೆ ತಿಳಿಸುತ್ತಿರುತ್ತವೆ. ಚಹಾದ ಲೋಟ ಕೊಂಚ ಜಾರಿದರೆ, ಜಾರಿತೆಂದು ನಮಗನ್ನಿಸುವ ಮುಂಚೆಯೇ ಬೆರಳುಗಳು ಬಿಗಿಯಾಗುತ್ತವೆ. ಈ ಒಳ ಅರಿವಿಗೆ 1906ರಲ್ಲಿ ಹೆಸರಿಟ್ಟವರು ಬ್ರಿಟಿಷ್ ವಿಜ್ಞಾನಿ ಶೆರಿಂಗ್ಟನ್. ಹೆಸರಿಡುವ ಮೊದಲೂ ಮನುಷ್ಯನು ಇದರಿಂದಲೇ ನಡೆದಾಡುತ್ತಿದ್ದನು, ಕೃತಜ್ಞತೆ ಸಲ್ಲಿಸದೆ.

ಅಂಗ ಕಳಕೊಂಡವರಿಗೆ ಕೃತಕ ಅಂಗ ಜೋಡಿಸುವುದನ್ನು ಸೃಷ್ಟಿಯಲ್ಲಿ ಕೈಯಾಡಿಸುವುದೆಂದು ಹಿಂಜರಿಯುವವರಿದ್ದಾರೆ. ಅವರು ಸಹಾಬಿ ಅರ್ಫಜ(ರ)ರ ಪ್ರಸಂಗವನ್ನು ನೆನಪಿಸಿಕೊಳ್ಳಲಿ. ಇಸ್ಲಾಮಿಗೆ ಮುಂಚಿನ ಕುಲಾಬ್ ಯುದ್ಧದಲ್ಲಿ ಮೂಗು ಕಳಕೊಂಡಿದ್ದ ಅವರು ಬೆಳ್ಳಿಯ ಮೂಗು ಹಾಕಿಸಿಕೊಂಡಿದ್ದರು. ಅದು ದುರ್ನಾತ ಬೀರತೊಡಗಿದಾಗ ಪ್ರವಾದಿವರ್ಯರು(ಸ) ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಪುರುಷರಿಗೆ ನಿಷಿದ್ಧವಾದ ಚಿನ್ನ!

ನಮ್ಮ ದೇಶದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಡಾ. ಪಿ.ಕೆ. ಸೇಠಿಯವರು 1960ರ ದಶಕದ ಕೊನೆಯಲ್ಲಿ ರೂಪಿಸಿದ 'ಜೈಪುರ ಪಾದ'ವನ್ನು ಧರಿಸಿ ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು. ಎಷ್ಟೋ ಬಡವರನ್ನು ಅದು ಎಬ್ಬಿಸಿ ನಿಲ್ಲಿಸಿತು. ಆದರೆ ರಬ್ಬರಿಗೆ ನೆಲ ತಿಳಿಯದು. ಕೆಳಗೆ ಕಲ್ಲಿದೆಯೋ ಹಸಿ ನೆಲವಿದೆಯೋ ಎಂಬುದನ್ನು ಉಳಿದ ಕಾಲಿನ ತುದಿಗೆ ಬೀಳುವ ಒತ್ತಡದಿಂದ ಊಹಿಸಬೇಕು, ಇಲ್ಲವೇ ಬಗ್ಗಿ ನೋಡಬೇಕು.

ಆ ಸುದ್ದಿಯನ್ನೂ ಮರಳಿಸುವ ಪ್ರಯತ್ನ ನಡೆದಿದೆ. ಪಟಾಕಿ ಸಿಡಿದು ಎಡಗೈ ಕಳಕೊಂಡಿದ್ದ ಡೆನ್ಮಾರ್ಕಿನ ಡೆನಿಸ್ ಸೋರೆನ್‌ಸನ್‌ ಅವರ ತೋಳಿನ ನರಗಳಲ್ಲಿ 2013ರಲ್ಲಿ ರೋಮ್‌ನ ವೈದ್ಯರು ಕೂದಲಿನಂಥ ತಂತಿಗಳನ್ನು ಇಟ್ಟು ಕೃತಕ ಕೈಗೆ ಜೋಡಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿದ್ದರೂ ಕೈಗಿಟ್ಟ ವಸ್ತು ಮೆದುವೋ ಗಟ್ಟಿಯೋ, ಅದರ ಆಕಾರವೇನು ಎಂಬುದನ್ನು ಅವರು ಹೇಳಿದರು. ಸುಮಾರು ಒಂದು ತಿಂಗಳಲ್ಲಿ, ಪ್ರಯೋಗದ ನಿಯಮದಂತೆ ತಂತಿಗಳನ್ನು ತೆಗೆಯಲಾಯಿತು. ಹಲವು ದೇಶಗಳ ವಿದ್ವಾಂಸರು ಸೇರಿ ಒಬ್ಬ ಮನುಷ್ಯನಿಗೆ ಒಂದು ತಿಂಗಳ ಮಟ್ಟಿಗೆ ಕೊಟ್ಟದ್ದು ಅಷ್ಟು. ಅವರ ಶ್ರಮವನ್ನು ಕೀಳು ಮಾಡಲು ಇದನ್ನು ಹೇಳುತ್ತಿಲ್ಲ. ನಮ್ಮ ಹತ್ತು ಬೆರಳುಗಳಿಗೆ ಯಾರೂ ಬಿಲ್ಲು ಕಳಿಸಿಲ್ಲವಲ್ಲ, ಅದನ್ನು ನೆನಪಿಸಲು ಹೇಳುತ್ತಿದ್ದೇನೆ.

ಮರಗಟ್ಟಿದ ಹೃದಯದ ಬಗ್ಗೆ ಪ್ರವಚನಗಳಲ್ಲಿ ಬಹಳ ಕೇಳಿದ್ದೇವೆ. ಇಲ್ಲಿ ಕಾಲಿನ ಮಾತೇ ಇರಲಿ. ಮಾನವ ಶರೀರದ 360 ಕೀಲುಗಳಿಗೂ ದಿನದಿನವೂ ದಾನದ ಋಣವಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದರು. ದಾರಿಯಲ್ಲಿನ ಅಡಚಣೆಯನ್ನು ಸರಿಸುವುದನ್ನೂ ಆ ದಾನದಲ್ಲಿ ಎಣಿಸಿದರು.

ನಾನು ಹೋಗುವ ಮಸೀದಿಯಲ್ಲಿ ಕೃತಕ ಕಾಲಿನ ಹಿರಿಯರೊಬ್ಬರಿದ್ದಾರೆ. ಅವರು ಪ್ರತಿ ಮೆಟ್ಟಿಲನ್ನೂ ನೋಡಿ ನೋಡಿ ಇಳಿಯುತ್ತಾರೆ. ಹಿಂದಿನವರು ಅವಸರದಿಂದ ಭುಜ ತಾಗಿಸಿ ದಾಟುತ್ತಾರೆ. ಮೆಟ್ಟಿಲ ತುಂಬ ನಮ್ಮ ಚಪ್ಪಲಿಗಳು. ಒಂದು ದಿನ ಇಶಾ ಮುಗಿದೊಡನೆ ಯಾರೋ ಹೊರಗಿನ ದೀಪ ಆರಿಸಿದರು. ಹಿರಿಯರು ಕಂಬ ಹಿಡಿದು ಅಲ್ಲೇ ನಿಂತುಬಿಟ್ಟರು. ಕೂಗಿ ಕರೆಯಲೂ ಇಲ್ಲ. ಚಪ್ಪಲಿ ಹುಡುಕುತ್ತಿದ್ದ ಹುಡುಗನೊಬ್ಬ ನೋಡಿ, ಓಡಿ ಹೋಗಿ ದೀಪ ಹಾಕಿದ. ಆಮೇಲೆ ಬಗ್ಗಿ, ಮೆಟ್ಟಿಲ ಮೇಲಿನ ಚಪ್ಪಲಿಗಳನ್ನು ಒಂದೊಂದಾಗಿ ಗೋಡೆಯ ಬದಿಗೆ ಸರಿಸತೊಡಗಿದ. ಅದರಲ್ಲಿ ನನ್ನದೂ ಇತ್ತು.